ಅವಳ ಜೊತೆ ಕೆಲಸ ಮಾಡುತ್ತಿದ್ದವಳು

ನಾನು ನಾಟಕ ಮಾಡುವುದನ್ನು ಅಮ್ಮ ಒಂದು ಸಲವೂ ನೋಡಿಲ್ಲ ಎಂದೇ ಬಹಳ ವರ್ಷ ನಂಬಿಕೊಂಡಿದ್ದೆ. ಅಮ್ಮ ಅರಸೀಕೆರೆಯಲ್ಲಿ ಪ್ರೈಮರಿ ಶಾಲೆಯ ಮೇಡಂ. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ, ನಾನು, ತಂಗಿ, ಬರೀ ಹೆಂಗಸರೇ ಇದ್ದ ಮನೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ. ಗಾಳಿ ತಿರುಗಿದಾಗೆಲ್ಲ ಮಂಡಿಯ ಕೊಬ್ಬರಿಯ ಕಮಟು ವಾಸನೆ ಒಳಗೆ ಬರುತ್ತಿತ್ತು. ಗಂಡಸಿಲ್ಲದ ಮನೆಯ ಬಗ್ಗೆ ಜನ ಏನೆಂದುಕೊಳ್ಳುತ್ತಾರೋ ಎನ್ನುವ ಅಂಜಿಕೆಯಲ್ಲೇ ಅಮ್ಮ ಅರ್ಧ ಆಯುಷ್ಯ ಕಳೆದಳು. ಅಂಥ ಮನೆಯಿಂದ ನಾನು ಬಣ್ಣ ಹಚ್ಚಲು ಹೋದೆ.

ಶುರುವಾಗಿದ್ದು ಕಾಲೇಜಿನ ವಾರ್ಷಿಕೋತ್ಸವದಲ್ಲಿ. ಹಾರ್ಮೋನಿಯಂ ನುಡಿಸುವುದಕ್ಕೆಂದು ಹಳೇಬೀಡಿನಿಂದ ಒಬ್ಬ ಡ್ರಾಮಾ ಮೇಷ್ಟ್ರು ಬಂದಿದ್ದರು. ಊರೂರಿನ ರೈತರಿಗೆ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ರಾಜ, ಮಂತ್ರಿ, ಸೇನಾಧಿಪತಿಗಳ ಪಾತ್ರಕ್ಕೆ ಊರಿನ ಗಂಡಸರೇ ಇರುತ್ತಾರೆ, ಒಂದೊಂದು ಪಾತ್ರಕ್ಕೆ ಜಗಳವೂ ಇರುತ್ತದೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸಬೇಕು. ನನ್ನ ಕಂಠ ಕೇಳಿದ ಮೇಷ್ಟ್ರು ಹಾರನಹಳ್ಳಿಯ ನಾಟಕಕ್ಕೆ ರಾಣಿ ಬೇಕಾಗಿದ್ದಾಳೆ, ಬರುತ್ತೀಯಾ ಎಂದು ಕೇಳಿದರು. ನಾನು ಅಮ್ಮನನ್ನು ಕೇಳದೆಯೇ ಹೂಂ ಅಂದೆ.

ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಸ್ವಲ್ಪ ದಿನ ಮಾತು ಬಿಟ್ಟಳು. ಆಮೇಲೆ ಒಂದು ಕರಾರು ಹಾಕಿದಳು: ಹಾಲಿನವನು ಬೀದಿಗೆ ಬರುವ ಮೊದಲು ನಾನು ಮನೆಯೊಳಗೆ ಇರಬೇಕು, ಶಾಲೆಯಲ್ಲಿ ಯಾರಾದರೂ ಕೇಳಿದರೆ ತನಗೆ ಗೊತ್ತಿಲ್ಲ ಎನ್ನುತ್ತಾಳೆ. ಅಷ್ಟೇ. ನಾಟಕ ಮುಗಿಸಿ ಬೆಳಗಿನ ಜಾವದ ಟೆಂಪೋದಲ್ಲಿ ನಾನು ಬರುವ ಹೊತ್ತಿಗೆ ಬಾಗಿಲಿನ ಚಿಲಕ ತೆಗೆದಿರುತ್ತಿತ್ತು. ಬಚ್ಚಲಲ್ಲಿ ನೀರು ಕಾದಿರುತ್ತಿತ್ತು, ಪಕ್ಕದಲ್ಲಿ ಮುಖದ ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆಯ ಬಟ್ಟಲು. ನಾಟಕ ಹೇಗಾಯಿತು ಎಂದು ಅಮ್ಮ ಯಾವತ್ತೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹಾಗೆ ಎಷ್ಟೋ ಊರುಗಳಲ್ಲಿ ರಾಣಿಯಾದೆ. ಬಿಕ್ಕೋಡಿನಲ್ಲಿ ಎಸ್ಟೇಟಿನ ಆಳುಗಳು ಕಂಬಳಿ ಹೊದ್ದು, ಜೀಪಿನ ಟಾಪಿನ ಮೇಲೆಲ್ಲ ಕೂತು ನೋಡುತ್ತಿದ್ದರು. ಬೇಲೂರಿನ ಕಡೆಯಿಂದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನ ಸೋದರಮಾವ ಯಾವುದೋ ಊರಿನಲ್ಲಿ ನನ್ನನ್ನು ರಂಗದ ಮೇಲೆ ನೋಡಿದ್ದನಂತೆ. ಅಲ್ಲಿಗೆ ಅದು ಮುರಿಯಿತು. ನಾನು ಅಷ್ಟೇನೂ ದುಃಖಪಡಲಿಲ್ಲ. ಅಮ್ಮ ಮಾತ್ರ ಆ ಭಾನುವಾರ ಪೂರ್ತಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಆರಿಸಿದ್ದನ್ನೇ ಮತ್ತೆ ಮೊರಕ್ಕೆ ಸುರಿದುಕೊಳ್ಳುತ್ತಿದ್ದಳು. ತಂಗಿಯ ಮದುವೆಗೆ ನನ್ನಿಂದ ತೊಡಕಾಗಬಾರದೆಂದು ನಾನು ಬೆಂಗಳೂರಿಗೆ ಹೊರಟುಬಿಟ್ಟೆ. ಅಲ್ಲಿ ನಾಟಕ ತಂಡಗಳಲ್ಲಿ ದುಡಿದೆ, ಧಾರಾವಾಹಿಗಳಲ್ಲಿ ಪಕ್ಕದ ಮನೆಯವಳು, ನರ್ಸು, ಅಡುಗೆಯವಳು ಎಲ್ಲ ಆದೆ. ಕೂದಲು ನರೆಯತೊಡಗಿದ ಮೇಲೆ ಒಂದು ದೊಡ್ಡ ಪಾತ್ರ ಸಿಕ್ಕಿತು. ದಿನವೂ ಸಂಜೆ ಬರುವ ಧಾರಾವಾಹಿಯಲ್ಲಿ ಸೊಸೆಯನ್ನು ಹುರಿದು ಮುಕ್ಕುವ ಅತ್ತೆ. ಅದು ವರ್ಷಗಟ್ಟಲೆ ನಡೆಯಿತು. ಊರಿಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಹತ್ತಿರ ಬರುತ್ತಿದ್ದರು. ಜಾವಗಲ್ಲಿನ ಅಜ್ಜಿಯೊಬ್ಬಳು ಕೈ ಹಿಡಿದುಕೊಂಡು, "ಆ ಹೆಣ್ಣು ತಬ್ಬಲಿ ಐತೆ ಕಣವ್ವ, ಒಸಿ ಕರುಣೆ ಇಟ್ಕೋ," ಎಂದು ನಿಜವಾಗಿಯೂ ಬೇಡಿಕೊಂಡಿದ್ದಳು.

ಅಷ್ಟರಲ್ಲಿ ಅಮ್ಮ ರಿಟೈರ್ ಆಗಿ ತಂಗಿಯ ಮನೆಯಲ್ಲಿದ್ದಳು. ತಂಗಿಯ ಗಂಡನಿಗೆ ಅರಸೀಕೆರೆಯಲ್ಲೇ ಅಂಗಡಿ. ಜನ್ಮದಲ್ಲಿ ರಂಗದ ಕಡೆ ತಲೆ ಹಾಕದಿದ್ದ ಅಮ್ಮ ಈಗ ದಿನವೂ ಸಂಜೆ ಕೈಕಾಲು ತೊಳೆದು, ದೇವರ ದೀಪ ಹಚ್ಚಿ ಟೀವಿಯ ಮುಂದೆ ಕೂರುತ್ತಿದ್ದಳು. ಮುಗಿದ ಕೂಡಲೇ ನನಗೆ ಫೋನು. ಅಭಿನಯದ ಬಗ್ಗೆ ಒಂದು ಅಕ್ಷರವೂ ಇಲ್ಲ. ಎಲ್ಲ ಉಚ್ಚಾರಣೆಯದೇ ದೂರು.

"ಇವತ್ತು ಹಕ್ಕು ಅನ್ನೋದನ್ನ ಅಕ್ಕು ಅಂದಿದೀಯ ಕಣೇ. ನಾನು ಕಲಿಸಿದ್ದು ಹೀಗಾ?"

ನಾನು ನಗುತ್ತಿದ್ದೆ. ಆದರೆ ಮಾರನೆಯ ದಿನ ಸೆಟ್ಟಿನಲ್ಲಿ ಹಕಾರ ಬಂದಲ್ಲೆಲ್ಲ ಎಚ್ಚರವಾಗಿರುತ್ತಿದ್ದೆ. ಅಮ್ಮನ ಮರೆವು ನನಗೆ ಗೊತ್ತಾಗಿದ್ದೂ ಈ ಫೋನಿನಿಂದಲೇ. ಒಂದು ಸಂಜೆ ಒಂದೇ ತಪ್ಪನ್ನು ಹೇಳಲು ಎರಡು ಸಲ ಫೋನ್ ಮಾಡಿದಳು. ಎರಡನೆಯ ಸಲವೂ ಮೊದಲನೆಯ ಸಲದ ಮಾತುಗಳೇ, ಅದೇ ರಾಗದಲ್ಲಿ. ನಂತರದ ದಿನಗಳಲ್ಲಿ ಫೋನು ಅಪರೂಪವಾಯಿತು. ಶಾಲೆಗೆ ಹೊತ್ತಾಯಿತೆಂದು ಬೆಳಿಗ್ಗೆ ಸೀರೆಯುಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾಳೆ ಎಂದು ತಂಗಿ ಹೇಳತೊಡಗಿದಳು. ಆದರೂ ಸಂಜೆಯ ಧಾರಾವಾಹಿ ಮಾತ್ರ ಮರೆಯುತ್ತಿರಲಿಲ್ಲವಂತೆ. ಪರದೆಯ ಮೇಲೆ ನಾನು ಬಂದರೆ, "ಬಂದ್ಲು ನೋಡು," ಎಂದು ತಂಗಿಯನ್ನು ಕರೆಯುತ್ತಿದ್ದಳಂತೆ.

ಆ ದಿನಗಳಲ್ಲೇ ನನ್ನ ಗಂಟಲು ಕೆಟ್ಟಿತು. ಮೊದಲು ಸ್ವರ ಒಡೆಯುತ್ತಿತ್ತು, ಬರುಬರುತ್ತಾ ಉಸಿರು ಮಾತ್ರ ಬರತೊಡಗಿತು. ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ ಎಂದು ಡಾಕ್ಟರು ಹೇಳಿದರು. ಸಣ್ಣ ಆಪರೇಷನ್ ಆಯಿತು. ಕೆಲವು ತಿಂಗಳು ಮಾತೇ ಆಡಬೇಡಿ, ಪಿಸುಗುಟ್ಟಿಯೂ ಆಡಬೇಡಿ, ಅದು ಇನ್ನೂ ಕೆಟ್ಟದ್ದು ಎಂದರು. ದಿನವೂ ಬರುವ ಧಾರಾವಾಹಿ ತಿಂಗಳುಗಟ್ಟಲೆ ಒಬ್ಬಳಿಗಾಗಿ ಕಾಯುವುದಿಲ್ಲ. ನಿರ್ದೇಶಕಿ ಸಂಕೋಚದಿಂದಲೇ ತಿಳಿಸಿದರು: ಅತ್ತೆಯ ಕಾರು ಘಟ್ಟದಲ್ಲಿ ಉರುಳುತ್ತದೆ, ಸೊಸೆಯ ಕಥೆ ಮುಂದುವರಿಯುತ್ತದೆ. ನನ್ನನ್ನು ಕರೆಸುವ ಅಗತ್ಯವೂ ಇರಲಿಲ್ಲ. ಹಳೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ, ಗಂಧದ ಹಾರ ಹಾಕಿ, ಮುಂದೆ ದೀಪ ಇಟ್ಟರು.

ಅದು ಪ್ರಸಾರವಾದ ಸಂಜೆ ತಂಗಿ ಯಾರದೋ ಮನೆಯ ನಾಮಕರಣಕ್ಕೆ ಹೋಗಿದ್ದಳು. ಅವಳ ಗಂಡ ಅಂಗಡಿಯಲ್ಲಿದ್ದ. ಅಮ್ಮ ಒಬ್ಬಳೇ ಟೀವಿಯ ಮುಂದೆ ಇದ್ದಳು. ತಂಗಿ ವಾಪಸು ಬಂದಾಗ ಮನೆಯ ಬಾಗಿಲಲ್ಲಿ ಅಕ್ಕಪಕ್ಕದವರು ನಿಂತಿದ್ದರು. ಅಮ್ಮ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ನಡುಮನೆಯ ನೆಲದ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ, ದೇವರ ದೀಪ ತೆಗೆದಿಟ್ಟಿದ್ದಳು. ದೊಡ್ಡ ಮಗಳು ಹೋಗಿಬಿಟ್ಟಳು ಎಂದು ತಾನೇ ಬೀದಿಗೆ ಬಂದು ಹೇಳಿದ್ದಳಂತೆ. ಒಬ್ಬಾಕೆ ನಂಬಿ ಅತ್ತಿದ್ದಳು. ಧಾರಾವಾಹಿ ನೋಡಿದ್ದ ಇನ್ನಿಬ್ಬರು ಮೊದಲು ನಕ್ಕು, ಆಮೇಲೆ ಅಮ್ಮನ ಮುಖ ನೋಡಿ ಸುಮ್ಮನಾಗಿದ್ದರು.

ತಂಗಿ ಫೋನ್ ಮಾಡಿ ಅಮ್ಮನ ಕಿವಿಗೆ ಇಟ್ಟಳು. ನನಗೆ ಸ್ವರವಿಲ್ಲ. ಪಿಸುದನಿಯಲ್ಲಿ ಅಮ್ಮಾ, ನಾನೇ, ಅಂದೆ. ಯಾರೋ ಉಸಿರಾಡ್ತಿದಾರೆ ಎಂದು ಅಮ್ಮ ಫೋನನ್ನು ವಾಪಸು ಕೊಟ್ಟಳಂತೆ.

ಮಾರನೆಯ ಬೆಳಿಗ್ಗೆಯ ರೈಲಿಗೆ ಹೊರಟೆ. ನನ್ನನ್ನು ಕಣ್ಣಾರೆ ಕಂಡರೆ ಎಲ್ಲ ಸರಿಹೋಗುತ್ತದೆ ಎನ್ನುವ ಧೈರ್ಯ ಇತ್ತು. ಮನೆಗೆ ಹೋದಾಗ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಹೋಗಿ ಕೂತು ಅವಳ ಎರಡೂ ಕೈ ಹಿಡಿದುಕೊಂಡೆ. ತಂಗಿ ಹಿಂದಿನಿಂದ ಹೇಳುತ್ತಲೇ ಇದ್ದಳು, ಅಮ್ಮ ಇವಳೇ ಕಣಮ್ಮ, ಅದು ಕಥೆ, ಇವಳಿಗೆ ಏನೂ ಆಗಿಲ್ಲ ಅಂತ. ಅಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಪರೇಷನ್ನಿನ ನಂತರ ನಾನು ಇಳಿದುಹೋಗಿದ್ದೆ, ಕೂದಲಿಗೆ ಬಣ್ಣ ಹಾಕುವುದನ್ನೂ ಬಿಟ್ಟಿದ್ದೆ. ನಾನು ಉಸಿರಿನಲ್ಲೇ ಏನೋ ಹೇಳಿದೆ. ಅವಳು ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡು, ಮನೆಗೆ ಬಂದವರನ್ನು ಮಾತಾಡಿಸುವ ಮರ್ಯಾದೆಯಲ್ಲಿ ಕೇಳಿದಳು:

"ನೀವು ಅವಳ ಜೊತೆ ಕೆಲಸ ಮಾಡ್ತಿದ್ರಾ?"

ನನ್ನ ಜೀವಮಾನದಲ್ಲಿ ಅಮ್ಮ ನನಗೆ ನೀವು ಎಂದಿದ್ದು ಅದೇ ಮೊದಲು. ತಂಗಿ ಅಡುಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಏನು ಮಾಡಬೇಕೆಂದು ತಿಳಿಯದೆ ಹೌದು ಎಂದು ತಲೆಯಾಡಿಸಿದೆ.

ನಾನು ಬೆಂಗಳೂರಿಗೆ ವಾಪಸು ಹೋಗಲಿಲ್ಲ. ಕೆಲಸವೂ ಇರಲಿಲ್ಲ, ಸ್ವರವೂ ಇರಲಿಲ್ಲ. ತಂಗಿಯ ಮನೆಯಲ್ಲೇ ಉಳಿದೆ. ಅಮ್ಮನಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಊಟಕ್ಕೆ ಕೂರಿಸುವುದು ನನ್ನ ಪಾಲಿಗೆ ಬಂತು. ಮಗಳು ತೀರಿಕೊಂಡ ಮನೆಗೆ ಬಂದು ಆಸರೆಯಾಗಿ ನಿಂತ ಅವಳ ಗೆಳತಿ ಎಂದು ಅಮ್ಮ ನನ್ನನ್ನು ಒಪ್ಪಿಕೊಂಡಳು. ನಾನು ಯಾರೆಂದು ಬಿಡಿಸಿ ಹೇಳಲು ಹೋದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು. ಸಮಾಧಾನ ಮಾಡುವುದಕ್ಕೆ ಸುಳ್ಳು ಹೇಳಬೇಡಿ, ನಾನು ಮಕ್ಕಳಿಗೆ ಪಾಠ ಹೇಳಿದವಳು ಎನ್ನುತ್ತಿದ್ದಳು. ಹೇಳಿದ ದಿನ ಊಟ ಬಿಡುತ್ತಿದ್ದಳು. ಕೊನೆಗೆ ತಂಗಿಯೇ, ಬಿಡು ಅಕ್ಕ, ಉಣ್ಣಲಿ ಎಂದಳು. ಬಿಟ್ಟೆ.

ಗಂಟಲು ಸ್ವಲ್ಪ ಸುಧಾರಿಸಿದ ಮೇಲೆ ನಿರ್ದೇಶಕಿಗೆ ಫೋನ್ ಮಾಡಿ ವಿಷಯ ಹೇಳಿದೆ. ಹೇಗಾದರೂ ಒಂದು ಸಲ ಆ ಅತ್ತೆಯನ್ನು ವಾಪಸು ತನ್ನಿ ಎಂದು ಕೇಳಿಕೊಂಡೆ. ಆಯಮ್ಮ ಒಳ್ಳೆಯ ಹೆಂಗಸು. ಸತ್ತವಳನ್ನು ಬದುಕಿಸಲು ಚಾನೆಲ್ಲಿನವರು ಒಪ್ಪುವುದಿಲ್ಲ, ಒಂದು ಕನಸಿನ ದೃಶ್ಯ ಬೇಕಾದರೆ ಇಡುತ್ತೇನೆ ಎಂದರು. ನಾನು ಹೋಗಿ ಬಿಳಿ ಸೀರೆ ಉಟ್ಟು, ಹೊಗೆಯ ನಡುವೆ ನಿಂತು, ಮಲಗಿದ್ದ ಸೊಸೆಯ ತಲೆ ನೇವರಿಸಿ ಬಂದೆ. ಮಾತೇ ಇರಲಿಲ್ಲ. ಪ್ರಸಾರವಾದ ಸಂಜೆ ಅಮ್ಮನನ್ನು ಟೀವಿಯ ಮುಂದೆ ಕೂರಿಸಿ, ನಾನು ಅವಳ ಪಕ್ಕದಲ್ಲೇ ಕೂತೆ. ಪರದೆಯ ಮೇಲೂ ನಾನು, ಪಕ್ಕದಲ್ಲೂ ನಾನು. ಎರಡನ್ನೂ ಒಟ್ಟಿಗೆ ಕಂಡರೆ ಏನಾದರೂ ಹೊಳೆಯಬಹುದು ಎಂದು ಆಸೆಪಟ್ಟಿದ್ದೆ.

ಅಮ್ಮ ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಸತ್ತವರು ಕನಸಲ್ಲಿ ಬಂದ್ರೆ ಒಳ್ಳೇದಂತೆ," ಅಂದಳು. ಆ ಕನಸು ನನ್ನ ಸಾವನ್ನು ಅವಳಿಗೆ ಇನ್ನಷ್ಟು ಖಾತ್ರಿ ಮಾಡಿಕೊಟ್ಟಿತು.

ಮಧ್ಯಾಹ್ನದ ಹೊತ್ತು ಅಮ್ಮನಿಗೆ ಮಗಳ ಬಗ್ಗೆ ಮಾತಾಡುವುದೆಂದರೆ ಇಷ್ಟ. ಕಾಯಿಲೆ ಬಿದ್ದು ಹುಳಿಪಲ್ಯವೇ ಬೇಕೆಂದು ಹಟ ಮಾಡಿದ್ದು, ಕನ್ನಡ ಪುಸ್ತಕದ ಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿ ಗಣಿತದಲ್ಲಿ ಫೇಲಾಗಿದ್ದು. ನಾನು ಆ ಮಗಳ ಕಥೆಯನ್ನು ಮೂರನೆಯವಳಂತೆ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಅವಳ ತಲೆಗೆ ಎಣ್ಣೆ ಹಚ್ಚುತ್ತಾ, ನೀವು ಅವಳ ನಾಟಕ ನೋಡಿದ್ದೀರಾ ಎಂದು ಕೇಳಿದೆ. ಇಲ್ಲ ಎನ್ನುತ್ತಾಳೆ ಎಂದೇ ತಿಳಿದಿದ್ದೆ.

"ಒಂದು ಸಲ ನೋಡಿದೀನಿ. ಹಳೇಬೀಡಲ್ಲಿ. ಅವಳಿಗೆ ಗೊತ್ತಿಲ್ಲ."

ಬೇಲೂರಿನಲ್ಲಿ ಟ್ರೈನಿಂಗ್ ಇದೆ ಎಂದು ಚಿಕ್ಕ ಮಗಳಿಗೆ ಸುಳ್ಳು ಹೇಳಿ ಹೋಗಿದ್ದಳಂತೆ. ಹಳೇಬೀಡಿನಲ್ಲಿ ಜೊತೆಗೆ ಕೆಲಸ ಮಾಡಿದ್ದ ಒಬ್ಬ ಮೇಡಂ ಮನೆ ಇತ್ತು. ಆಕೆ ಊಟ ಮಾಡಿಸದೆ ಕಳಿಸಲಿಲ್ಲ, ಮಾತಾಡುತ್ತಾ ಹೊತ್ತಾಗಿಬಿಟ್ಟಿತ್ತು. ಆಮೇಲೆ ತಲೆ ತುಂಬ ಸೆರಗು ಹೊದ್ದು, ಕೆರೆಯ ಕಡೆಯ ಸ್ಕೂಲ್ ಬಯಲಿಗೆ ಹೋಗಿ, ಜನರ ಹಿಂದೆ ಕಡಲೆಕಾಯಿ ಮಾರುವವರ ಹತ್ತಿರ ನಿಂತು ನೋಡಿದ್ದಳಂತೆ.

ಆ ಬೆಳಗು ನನಗೆ ನೆನಪಿತ್ತು. ಹಳೇಬೀಡಿನಿಂದ ನಾನು ಬಂದಾಗ ಅವತ್ತೊಂದು ದಿನ ಚಿಲಕ ತೆಗೆದಿರಲಿಲ್ಲ. ನಿದ್ದೆಗಣ್ಣಿನ ತಂಗಿ ಎದ್ದು ಬಂದು ಬಾಗಿಲು ತೆಗೆದು, ಅಮ್ಮ ಬೇಲೂರಿಗೆ ಹೋಗಿದ್ದಾಳೆ ಎಂದಿದ್ದಳು.

ಹೇಗೆ ಮಾಡಿದಳು ಎಂದು ಕೇಳಿದೆ.

"ಹಸಿರು ಸೀರೆ ಉಟ್ಕೊಂಡಿದ್ಲು. ಅರಚ್ತಿದ್ಲು. ಅಷ್ಟು ಅರಚಬಾರದು, ದುಃಖ ಇರೋರು ಅರಚೋದಿಲ್ಲ. ಅಷ್ಟೇನೂ ಬರ್ತಿರಲಿಲ್ಲ ಅವಳಿಗೆ."

ನಿಮಗೆ ನಾಚಿಕೆಯಾಯಿತೇ ಎಂದೆ.

"ನಾಚಿಕೆ ಅಲ್ಲ. ಭಯ ಆಯ್ತು. ಅವಳು ನನ್ನ ಮಗಳು ಅಂತ ಅನ್ನಿಸ್ಲೇ ಇಲ್ಲ ನೋಡಿ."

ಆ ಮಾತು ನನ್ನನ್ನು ಬಹಳ ದಿನ ಕೊರೆಯಿತು. ಬಂದಿದ್ದಳಲ್ಲ ಎಂದು ಸಂತೋಷಪಡಲು ಹೋದರೆ, ಅಷ್ಟೇನೂ ಬರುತ್ತಿರಲಿಲ್ಲ ಎನ್ನುವುದು ಎದುರಿಗೆ ಬಂದು ನಿಲ್ಲುತ್ತಿತ್ತು. ಅಷ್ಟು ವರ್ಷ ಅಭಿನಯದ ಬಗ್ಗೆ ಅವಳು ತುಟಿ ಬಿಚ್ಚದೆ ಇದ್ದದ್ದು ಇದಕ್ಕೇ ಎಂದುಕೊಂಡೆ. ಇನ್ನೊಂದು ದಿನ, ನನ್ನ ಸ್ವರ ಅರ್ಧಮರ್ಧ ಮರಳಿದ್ದಾಗ, ಹಳೆಯ ನಾಟಕದ ರಾಣಿಯ ಮಾತುಗಳನ್ನು ಅವಳ ಮುಂದೆ ಹೇಳಿದೆ. ಅರಚಲಿಲ್ಲ. ಅರಚುವುದಕ್ಕೆ ಗಂಟಲೂ ಇರಲಿಲ್ಲ. ಅಮ್ಮ ಗಮನವಿಟ್ಟು ಕೇಳಿ, "ನೀವು ಚೆನ್ನಾಗಿ ಹೇಳ್ತೀರಿ. ಹಕಾರ ಸರಿಯಾಗಿದೆ," ಅಂದಳು. ನನ್ನ ಅಭಿನಯಕ್ಕೆ ಅಮ್ಮನಿಂದ ಸಿಕ್ಕ ಮೆಚ್ಚುಗೆ ಅದೊಂದೇ. ಅದೂ ಬೇರೆ ಯಾರಿಗೋ ಸಿಕ್ಕಂತೆ ಸಿಕ್ಕಿತು.

ಚಳಿಗಾಲದಲ್ಲಿ ಅಮ್ಮನಿಗೆ ಜ್ವರ ಬಂತು, ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಒಂದು ಸಂಜೆ ಸ್ವಲ್ಪ ಗೆಲುವಾಗಿದ್ದಳು. ಹಾಸಿಗೆಯ ಪಕ್ಕ ಕೂತಿದ್ದ ನನ್ನನ್ನು ನೋಡಿ, ಕಿಟಕಿಯ ಕಡೆ ನೋಡಿ, ಹೊತ್ತಾಯಿತು ಎಂದಳು. ಇರಲಿ ಎಂದೆ.

"ಇಲ್ಲ, ಹೊರಡಿ. ನಿಮ್ಮ ತಾಯಿ ಕಾಯ್ತಿರ್ತಾರೆ. ನಮ್ಮಂಥೋರಿಗೆ ಮಗಳು ಮನೆ ಸೇರೋತನಕ ಜೀವ ನಿಲ್ಲೋದಿಲ್ಲ."

ನಾನು ಎದ್ದು ವಾರ್ಡಿನ ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಹೋಗದಿದ್ದರೆ ಅವಳಿಗೆ ನೆಮ್ಮದಿ ಇರುತ್ತಿರಲಿಲ್ಲ. ತಂಗಿ ಒಳಗಿದ್ದಳು. ಮಾರನೆಯ ದಿನ ಅಮ್ಮನಿಗೆ ಎಚ್ಚರವೇ ಆಗಲಿಲ್ಲ. ಹಾಗೆಯೇ ಹೋದಳು.

ತಂಗಿಯ ಗಂಡನೇ ಕ್ರಿಯೆಗಳನ್ನೆಲ್ಲ ಮಾಡಿದ. ಮಣ್ಣಿಗೆ ಬಂದ ಜನರಲ್ಲಿ ಕೆಲವರು ನನ್ನನ್ನೇ ನೋಡುತ್ತಿದ್ದರು. ನನಗೆ ಅಳು ಬರಲಿಲ್ಲ. ಟೀವೀಲಿ ಅಷ್ಟು ಚೆನ್ನಾಗಿ ಅಳ್ತಿದ್ಲು ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಅವರು ಚುಚ್ಚಬೇಕೆಂದು ಹೇಳಿದ್ದಲ್ಲ, ಆಶ್ಚರ್ಯದಿಂದ ಹೇಳಿದ್ದು.

ವರ್ಷಾಬ್ದಿಕ ಕಳೆದ ಮೇಲೆ ನಾನು ಹಳೇಬೀಡಿಗೆ ಹೋದೆ. ಡ್ರಾಮಾ ಮೇಷ್ಟ್ರು ಇನ್ನೂ ಇದ್ದರು. ಕಣ್ಣು ಮಂಜಾಗಿತ್ತು, ಬೆರಳು ಸೊಟ್ಟಗಾಗಿ ಹಾರ್ಮೋನಿಯಂ ಬಿಟ್ಟಿದ್ದರು. ಅಮ್ಮನ ವಿಷಯ ಹೇಳಿ, ಸ್ಕೂಲ್ ಬಯಲಿನ ಆ ನಾಟಕದ ಬಗ್ಗೆ ಕೇಳಿದೆ. ಹಸಿರು ಸೀರೆ ಎಂದ ಕೂಡಲೇ ಅವರು ತಲೆಯೆತ್ತಿದರು.

"ಹಸ್ರು ಸೀರೆ ಉಟ್ಟಿದ್ದು ನೀನಲ್ಲ ಕಣವ್ವ. ಎಲ್ಡ್ನೇ ರಾಣಿ, ತಿಪಟೂರು ಕಡೆಯೋಳು. ಸೀರೆ ನನ್ನ ಹೆಂಡ್ರುದು."

ಆಗ ನನಗೂ ನೆನಪಾಯಿತು. ನಮ್ಮ ಕಡೆಯ ನಾಟಕ ದೊಡ್ಡದು, ಒಬ್ಬರೇ ಬೆಳಗಿನವರೆಗೆ ಹಾಡಲು ಆಗುವುದಿಲ್ಲ. ಒಂದೇ ಪಾತ್ರವನ್ನು ಮೊದಲ ಅರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಮಾಡುತ್ತಾರೆ. ಅವತ್ತು ನಾನು ಮೊದಲನೇ ರಾಣಿ. ಡ್ರೆಸ್ಸಿನವರು ಎರಡನೆಯವಳಿಗೆ ಬಟ್ಟೆ ತಂದಿರಲಿಲ್ಲವಾದ್ದರಿಂದ ಮೇಷ್ಟ್ರು ತಮ್ಮ ಹೆಂಡತಿಯ ಧಾರೆ ಸೀರೆ ತರಿಸಿಕೊಟ್ಟಿದ್ದರು. ಯುದ್ಧದ ಸೀನಿನಲ್ಲಿ ಹಾರಿಸಿದ ಪಟಾಕಿಯ ಕಿಡಿ ಬಿದ್ದು ಅದರ ಸೆರಗು ತೂತಾಯಿತು. ಹೆಂಡತಿ ಸಾಯುವ ತನಕ ಅದನ್ನು ಎತ್ತಿ ಆಡುತ್ತಿದ್ದಳಂತೆ, ಅದಕ್ಕೇ ಮರೆತಿಲ್ಲ ಎಂದರು.

ಆಗ ನಾನೆಲ್ಲಿದ್ದೆ ಎಂದು ಕೇಳಿದೆ.

"ನೀನು ಬಣ್ಣ ಒರೆಸ್ಕಂಡು ಸ್ಕೂಲ್ ರೂಮಲ್ಲಿ ಮಲಗಿದ್ದೆ. ಪಾಪ, ಸುಸ್ತಾಗಿತ್ತು."

ಬಸ್ಸಿನಲ್ಲಿ ಅರಸೀಕೆರೆಗೆ ವಾಪಸು ಬರುವಾಗ ಮೊದಲು ಹಗುರವೆನ್ನಿಸಿತು. ಅರಚಿದ್ದು ನಾನಲ್ಲ, ಅಷ್ಟೇನೂ ಬರುತ್ತಿರಲಿಲ್ಲ ಎಂದಿದ್ದು ನನಗಲ್ಲ. ಜಾವಗಲ್ ದಾಟುವಷ್ಟರಲ್ಲಿ ಆ ಹಗುರ ಹೋಯಿತು. ಅಮ್ಮ ಸುಳ್ಳು ಹೇಳಿ, ಬಸ್ಸು ಹಿಡಿದು, ಊರಿಗೆಲ್ಲ ಹೆದರುವವಳು ಜನರ ಗುಂಪಿನ ಹಿಂದೆ ನಿಂತು, ದೂರದಿಂದ ಯಾರನ್ನೋ ನೋಡಿ ನನ್ನ ಮಗಳು ಅನ್ನಿಸಲಿಲ್ಲವಲ್ಲ ಎಂದು ಹೆದರಿ ಹಿಂದಿರುಗಿದ್ದಳು. ನಾನು ಗೋಡೆಯಾಚೆ ಬೆಂಚುಗಳ ನಡುವೆ ಜಮಖಾನ ಹಾಸಿಕೊಂಡು ನಿದ್ದೆ ಹೋಗಿದ್ದೆ. ಆ ಭಯವನ್ನು ಅವಳು ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡಿದ್ದಳು. ನನ್ನನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದೆ.

ತಂಗಿಗೆ ಇದನ್ನೆಲ್ಲ ಹೇಳಿದೆ. ನೋಡಬೇಕು ಅಂತ ಹೋಗಿದ್ದಳಲ್ಲ ಅಕ್ಕ, ಅದೇ ಸಾಕು ಬಿಡು ಎಂದಳು. ಅವಳಿಗೆ ಅದು ಸಾಕು. ನನಗೆ ಸಾಕಾಗಲಿಲ್ಲ.

ಈಗ ನನ್ನ ಸ್ವರ ಒಂದು ಮಟ್ಟ ಕೆಳಗಿಳಿದು ನಿಂತಿದೆ. ಹಾಡುವುದಕ್ಕಾಗುವುದಿಲ್ಲ, ಹಾಗಾಗಿ ಹಳ್ಳಿಯ ನಾಟಕಗಳಿಗೆ ಯಾರೂ ಕರೆಯುವುದಿಲ್ಲ. ಬೆಂಗಳೂರಿನಿಂದ ಆಗಾಗ ಫೋನು ಬರುತ್ತದೆ. ಹೋಗಿ ದೇವಸ್ಥಾನದ ಮೆಟ್ಟಿಲಿನ ಅಜ್ಜಿಯೋ, ಆಸ್ಪತ್ರೆಯ ರೋಗಿಯೋ ಆಗಿ, ಎರಡು ಮಾತು ಆಡಿ, ಸಂಜೆಯ ರೈಲಿಗೆ ಬರುತ್ತೇನೆ. ಅದು ಪ್ರಸಾರವಾಗುವ ಹೊತ್ತಿಗೆ ತಂಗಿ ಟೀವಿ ಹಾಕಿ ಒಳಗಿನಿಂದ ಕರೆಯುತ್ತಾಳೆ. ನಾನು ಹೊರಗೆ ಜಗಲಿಯ ಮೇಲೆ ಕೂತು ಮಾರನೆಯ ದಿನದ ಪಲ್ಯಕ್ಕೆ ಅವರೆಕಾಯಿ ಸುಲಿಯುತ್ತಿರುತ್ತೇನೆ. ಬರುತ್ತೇನೆ ಎನ್ನುತ್ತೇನೆ, ಹೋಗುವುದಿಲ್ಲ.